ಸೊಂಟದ ಲೆಕ್ಕ

ಪಿಯುಸಿ ಜೀವಶಾಸ್ತ್ರದ ಮೇಷ್ಟರಿಗೆ ಕ್ರೋಮೋಸೋಮಿನ ಪಾಠವೆಂದರೆ ತುಸು ಹೆಚ್ಚೇ ಪ್ರೀತಿ. ಬೋರ್ಡಿನ ಮೇಲೆ ನಾಲ್ಕು ಚಿತ್ರ ಬರೆಯುವಷ್ಟರಲ್ಲಿ ಅರ್ಧ ಪೀರಿಯಡ್ ಕಳೆದಿರುತ್ತದೆ. ಮಗುವಿಗೆ ಉಡಿದಾರ ಕಟ್ಟಿದಂತೆ ಕ್ರೋಮೋಸೋಮಿಗೂ ಒಂದು ಕಡೆ ಬಿಗಿದಿರುತ್ತದಲ್ಲ, ಅದೇ ಸೆಂಟ್ರೋಮಿಯರ್. ನಟ್ಟನಡುವೆ ಇದ್ದರೆ ಮೆಟಾಸೆಂಟ್ರಿಕ್, ಕೊಂಚ ಸರಿದರೆ ಸಬ್‌ಮೆಟಾಸೆಂಟ್ರಿಕ್, ತುದಿಯ ಹತ್ತಿರವಾದರೆ ಆಕ್ರೋಸೆಂಟ್ರಿಕ್, ತುದಿಯಲ್ಲೇ ಆದರೆ ಟೀಲೋಸೆಂಟ್ರಿಕ್. ‘ಕೊಂಚ’ ಎಂದರೆ ಎಷ್ಟು ಎಂಬ ತಕರಾರಿಗೆ 1964ರಲ್ಲಿ ಲೆವಾನ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಗೆರೆ ಎಳೆದರು: ಈ ಸೊಂಟದ ಆಚೀಚೆಯ ಎರಡು ತೋಳುಗಳಲ್ಲಿ ಉದ್ದನೆಯದನ್ನು ಗಿಡ್ಡದರಿಂದ ಭಾಗಿಸಿ, 1.7ರೊಳಗೆ ಬಂದರೆ ನಡುಸೊಂಟ. 1.8 ಬಂತೋ, ಕುಲವೇ ಬೇರೆ!

ಈ ನಾಲ್ಕು ಖಾನೆ ಹಿಡಿದು ನಂಜನಗೂಡಿಗೆ ಹೋಗಿ ನೋಡಿ. ಖಾನೆಗೆ ಹಾಕುವ ಮೊದಲೇ ಎಣಿಕೆಯ ತೊಡಕು: ಅಲ್ಲಿಯ ರಸಬಾಳೆಗೆ 33 ಕ್ರೋಮೋಸೋಮು, ಹನ್ನೊಂದರ ಮೂರು ಕಂತೆ. ಜೋಡಿ ಕೂಡಿಸಹೋದರೆ ಒಂದು ಕಂತೆ ಒಂಟಿ. ಹಣ್ಣಿನಲ್ಲಿ ಬೀಜ ಕಟ್ಟದಿರಲು ಅದೂ ಒಂದು ಕಾರಣ. ವಂಶವೆಲ್ಲ ಕಂದಿನಿಂದಲೇ ಬೆಳೆಯಬೇಕು. ಒಂದಕ್ಕೆ ತಗಲಿದ ಪನಾಮಾ ಸೊರಗು ರೋಗವನ್ನು ಇನ್ನೊಂದು ತಡೆಯಲಾರದು. ತೋಟಕ್ಕೆ ತೋಟವೇ ಹೋಯಿತು. ಈಗ ‘ರಸಬಾಳೆ, ರಸಬಾಳೆ’ ಎಂದು ಕೂಗುವುದನ್ನೆಲ್ಲ ನಂಬಬೇಡಿ.

ಕೊಂಡ ಚಿಪ್ಪು ಕಳಿತರೆ ಹಣ್ಣುನೊಣ ಮುತ್ತುತ್ತದೆ. ನಾವು ಟವೆಲ್ ಬೀಸಿ ಓಡಿಸುವ ಈ ಜೀವಿಯ ಕುಲಗೋತ್ರವನ್ನು ಮೈಸೂರಿನ ಮಾನಸಗಂಗೋತ್ರಿಯಲ್ಲಿ ದಶಕಗಳಿಂದ ಕೆದಕಿದ್ದಾರೆ. ನಸೂಟಾ ಎಂಬ ನೊಣಕ್ಕೆ 8 ಕ್ರೋಮೋಸೋಮು, ಅದರ ದಾಯಾದಿ ಆಲ್ಬೊಮಿಕಾನ್ಸ್‌ಗೆ 6. ತುದಿಸೊಂಟದ ಎರಡು ಒಂದಕ್ಕೊಂದು ಕೂಡಿ ನಡುಸೊಂಟದ ದೊಡ್ಡದೊಂದು ಆಗಿದೆ. ಅಂದರೆ ಖಾನೆ ಬದಲಾಗಿದೆ. ಅಲ್ಲಿಯ ಎಚ್. ಎ. ರಂಗನಾಥ್ ಮತ್ತು ಎನ್. ಬಿ. ರಾಮಚಂದ್ರ ಇವೆರಡನ್ನೂ ಬೆರೆಸಿ ಹೊಸ ತಳಿಗಳನ್ನೇ ಪಡೆದರು.

ಇನ್ನು ನಂಜನಗೂಡಿನಿಂದ ಕಪಿಲಾ ನದಿಯ ಜೊತೆಗೇ ಕೆಳಗಿಳಿದು, ಅವಳು ಕಾವೇರಿಯನ್ನು ಸೇರುವ ಟಿ. ನರಸೀಪುರಕ್ಕೆ ಬನ್ನಿ. ಮೈಸೂರು ರೇಷ್ಮೆ ಸೀರೆಗೆ ಗೂಡಿನಿಂದ ನೂಲು ತೆಗೆಯುವ ಸರ್ಕಾರಿ ಕಾರ್ಖಾನೆ ಇರುವುದು ಇಲ್ಲೇ. ಆ ನೂಲು ಕೊಡುವ ಹುಳಕ್ಕೆ 56 ಕ್ರೋಮೋಸೋಮು. ಒಂದಕ್ಕಾದರೂ ಸೊಂಟವಿದೆಯೇ? ಇಲ್ಲ! ಕೋಶ ಒಡೆಯುವಾಗ ಎಳೆಯುವ ತಂತುಗಳು ಮೈಯುದ್ದಕ್ಕೂ ಅಂಟಿಕೊಳ್ಳುತ್ತವೆ. ಬೇರೆ ಜೀವಿಗಳಲ್ಲಿ ಕ್ರೋಮೋಸೋಮು ಮುರಿದರೆ ಸೆಂಟ್ರೋಮಿಯರ್ ಇಲ್ಲದ ತುಂಡು ಅನಾಥವಾಗಿ ಕಳೆದುಹೋಗುತ್ತದೆ. ರೇಷ್ಮೆಹುಳದಲ್ಲಿ ಆ ತುಂಡೂ ಪಾಲು ಕೇಳಿಕೊಂಡು ಹೋಗಿ ಸೇರುತ್ತದೆ. ಚಿಟ್ಟೆ, ಪತಂಗಗಳ ಬಳಗವೆಲ್ಲ ಹೀಗೆಯೇ. ನಾಲ್ಕು ಖಾನೆಯಲ್ಲಿ ಇವಕ್ಕೆ ಜಾಗವಿಲ್ಲ, ಅವೂ ಕೇಳಿಕೊಂಡು ಬಂದಿಲ್ಲ.

ಪರೀಕ್ಷೆಗೆ ಕೂರುವ ಮಕ್ಕಳು ಮಾತ್ರ ನಾಲ್ಕೇ ವಿಧ ಎಂದು ಬರೆದುಬಿಡಿ. ರೇಷ್ಮೆಹುಳದ ಸಮಾಚಾರಕ್ಕೆ ಯಾರೂ ಅರ್ಧ ಅಂಕವನ್ನೂ ಕೊಡುವುದಿಲ್ಲ.