ಬಾರದ ರೈಲಿಗೊಂದು ಬಹಿರಂಗ ಪತ್ರ

ಶ್ರೀಮಾನ್ ಹುಬ್ಬಳ್ಳಿ–ಅಂಕೋಲಾ ರೈಲುಗಾಡಿಯವರ ಸನ್ನಿಧಾನಕ್ಕೆ,

ಕಿರವತ್ತಿಯಿಂದ ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾವು ಕ್ಷೇಮ. ಅತ್ತ ತಾವು ಕಡತದೊಳಗೆ ಸುಖವಾಗಿದ್ದೀರಿ ಎಂದು ಪತ್ರಿಕೆಗಳಿಂದ ಆಗಾಗ ತಿಳಿದು ಸಂತೋಷಪಡುತ್ತಿದ್ದೇವೆ.

ತಾವು ಮಂಜೂರಾದದ್ದು 1990ರ ದಶಕದ ಕೊನೆಗೆ. ಆಗ ತೊಟ್ಟಿಲಲ್ಲಿದ್ದ ಕೂಸುಗಳು ಈಗ ತಮ್ಮ ಕೂಸುಗಳಿಗೆ ತೊಟ್ಟಿಲು ತೂಗುತ್ತಿವೆ. ಮೊದಲ ಹಂತದಲ್ಲಿ ಹುಬ್ಬಳ್ಳಿಯಿಂದ ನಮ್ಮೂರಿನವರೆಗೆ, 47 ಕಿ.ಮೀ., ಬಂದು ಉಸಿರು ತೆಗೆದುಕೊಳ್ಳುತ್ತೀರಿ ಎಂದಿದ್ದರು. 2004ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಬೇಡವೆಂದಿತು. 2020ರ ಮಾರ್ಚಿನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಹೂಂ ಎಂದಿತು. ಮೂರು ತಿಂಗಳಲ್ಲಿ ಹೈಕೋರ್ಟು ತಡೆ ಕೊಟ್ಟಿತು. ತಮ್ಮ ಬರವಿಗೆ ಕೇಳಿದ ದಕ್ಷಿಣೆ ಸುಮಾರು 596 ಹೆಕ್ಟೇರ್ ಕಾಡು, ಎರಡು ಲಕ್ಷಕ್ಕೂ ಮೇಲ್ಪಟ್ಟು ಮರ. ಕೊಡಬೇಕೋ ಬಿಡಬೇಕೋ ಎಂಬ ವಾದವನ್ನು ಬಲ್ಲವರಿಗೆ ಬಿಟ್ಟು, ನಾನು ತಮಗೆ ಉಪಕಾರ ಸ್ಮರಣೆ ಮಾಡಲು ಕೂತಿದ್ದೇನೆ.

ಬಾರದೆಯೇ ತಾವು ಮಾಡಿದ ಉಪಕಾರ ಸಣ್ಣದಲ್ಲ. ನಮಗೆ ಯೋಚಿಸುವ ಕೆಲಸವನ್ನೇ ತಪ್ಪಿಸಿದಿರಿ. ಚಹದಂಗಡಿಯಲ್ಲಿ ಯಾರಾದರೂ ಗಟಾರದ ಮಾತೆತ್ತಿದರೆ ‘ರೈಲು ಬರಲಿ ತಡಿಯೋ ಮಾರಾಯ’ ಎನ್ನುತ್ತೇವೆ. ಸಂತೆಗೊಂದು ಮಾಡು ಬೇಕು ಎಂದರೂ ಅದೇ ಉತ್ತರ. ಹೆದ್ದಾರಿ ಬದಿಯ ಹತ್ತು ಗುಂಟೆ ತುಂಡು ತುಂಡಾಗಿ ಸೈಟಾಗುವಾಗ ಮಾತ್ರ ಯಾರೂ ತಮಗಾಗಿ ಕಾಯಲಿಲ್ಲ, ಕ್ಷಮಿಸಬೇಕು.

ತಾವಿಲ್ಲದ ಹೊತ್ತಿನಲ್ಲಿ ಹೆದ್ದಾರಿಯೇ ನಮ್ಮನ್ನು ಸಾಕಿತು. 63 ಇದ್ದ ಅದರ ಸಂಖ್ಯೆ ಈಗ 52 ಆಗಿದೆ. ಕಡಿಮೆಯಾದದ್ದು ಅದೊಂದೇ, ಲಾರಿಗಳಲ್ಲ. ಬಳ್ಳಾರಿ ಸೀಮೆಯ ಅದಿರು ಬೇಲೆಕೇರಿ ಬಂದರಿಗೆ ಹೋಗುತ್ತಿದ್ದ ಕಾಲ ನೆನಪಿದೆ. ಆ ವೈಭವದಲ್ಲಿ ನಮ್ಮ ಪಾಲಿಗೆ ಬಂದದ್ದು ಹಂಚಿನ ಮೇಲಿನ ಕೆಂಪು ಧೂಳು. ಉಳಿದದ್ದು ಯಾರ ಪಾಲಾಯಿತೆಂದು ಅಕ್ರಮ ಗಣಿಗಾರಿಕೆ ಕುರಿತ 2011ರ ಲೋಕಾಯುಕ್ತ ವರದಿ ವಿವರವಾಗಿ ಬರೆದಿದೆ. ಊರ ಮೇಲೆ ಹಾದುಹೋಗುವುದೆಲ್ಲ ಊರಿನದಾಗುವುದಿಲ್ಲ ಎಂದು ನಾವು ಆಗಲೇ ಕಲಿಯಬಹುದಿತ್ತು. ಕಲಿಯಲಿಲ್ಲ. ತಾವೂ ಅದಿರು ಹೊರಲೆಂದೇ ಹುಟ್ಟಿದವರಲ್ಲವೇ?

ಸಂಜೆ ಮೇವು ಮುಗಿಸಿದ ಗೌಳಿಗರ ಎಮ್ಮೆಗಳು ಇದೇ ಹೆದ್ದಾರಿ ದಾಟುತ್ತವೆ. ಮುಂದಿನ ಎಮ್ಮೆ ಡಾಂಬರಿನ ನಡುವೆ ನಿಂತು, ಬಾಲ ಬೀಸಿ, ಹಿಂದಿನವೆಲ್ಲ ಬರುವ ತನಕ ಮೆಲುಕು ಹಾಕುತ್ತದೆ. ಹದಿನಾಲ್ಕು ಚಕ್ರದ ಲಾರಿಯೂ ಉಸ್ಸೆಂದು ಬ್ರೇಕು ಹಾಕಿ ಕೈಕಟ್ಟಿ ನಿಲ್ಲುತ್ತದೆ. ರಸ್ತೆ ದಾಟುವ ಶಾಲೆಯ ಮಕ್ಕಳಿಗೆ ಇಷ್ಟು ಮರ್ಯಾದೆ ಸಿಗುವುದಿಲ್ಲ.

ನಮ್ಮಲ್ಲಿ ಯೋಜನಾಬದ್ಧವಾಗಿ ಬೆಳೆದ ಬಡಾವಣೆಯೇ ಇಲ್ಲ ಎಂದು ಆಡಿಕೊಳ್ಳುವವರನ್ನು ಸರಕಾರಿ ನಾಟಾ ಡಿಪೋಕ್ಕೆ ಕರೆದೊಯ್ಯಬೇಕು. ಅಲ್ಲಿ ಸಾಗವಾನಿಯ ದಿಮ್ಮಿಗಳು ಸಾಲಾಗಿ, ನಡುವೆ ಓಡಾಡಲು ದಾರಿ ಬಿಟ್ಟು ಮಲಗಿವೆ. ಪ್ರತಿಯೊಂದರ ಮುಖದ ಮೇಲೆ ನಂಬರು. ಉದ್ದ, ಸುತ್ತಳತೆ ರಿಜಿಸ್ಟರಿನಲ್ಲಿ ಭದ್ರ. ಕಾಡಿನಿಂದ ಹೊರಬಿದ್ದ ಮರಕ್ಕೆ ಇಷ್ಟು ಗಟ್ಟಿ ದಾಖಲೆ. ಕಾಡಿನಲ್ಲೇ ಉಳಿದ ಮನುಷ್ಯನಿಗೆ? 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂದರೂ ಈ ಜಿಲ್ಲೆಯ ಸಾವಿರಾರು ಕುಟುಂಬಗಳು ಉಳುವ ನೆಲದ ಕಾಗದಕ್ಕೆ ಇನ್ನೂ ಕಾಯುತ್ತಿವೆ. ಮುಂದಿನ ಜನ್ಮ ಎಂಬುದಿದ್ದರೆ ದಿಮ್ಮಿಯಾಗಿ ಹುಟ್ಟುವುದು ಲೇಸು.

‘ಪಟ್ಟಣ’ವಾಗುವ ಆಸೆಯೂ ನಮಗುಂಟು. ಕರ್ನಾಟಕ ಪುರಸಭೆಗಳ ಕಾಯ್ದೆ, 1964ರ ಲೆಕ್ಕ ಸರಳ: ಪಟ್ಟಣ ಪಂಚಾಯತಿಗೆ 10,000 ಜನಸಂಖ್ಯೆ ಬೇಕು, ಚದರ ಕಿ.ಮೀ.ಗೆ 400 ಜನ ಬೇಕು, ದುಡಿಮೆಯಲ್ಲಿ ಅರ್ಧದಷ್ಟಾದರೂ ಬೇಸಾಯದ ಹೊರಗಿರಬೇಕು. ಮುಂದೆ ಗೂಡಂಗಡಿ, ಹಿಂದೆ ಗೋವಿನಜೋಳ ಇಟ್ಟುಕೊಂಡವನನ್ನು ಯಾವ ಖಾತೆಗೆ ಬರೆಯುತ್ತಾರೋ! ಸಿದ್ದಿಯರ ಕೇರಿ, ಗೌಳಿವಾಡ, ಬೇಡ್ತಿ ಸೀಮೆಯ ಗದ್ದೆ ಇವೆಲ್ಲ ಸೇರಿಯೇ ನಮ್ಮ ಪೇಟೆ ನಡೆಯುವುದು. ಅಲ್ಲಿಯವರು ತರುವ ಹಾಲು, ಜೋಳ, ಕೂಲಿಯ ದುಡ್ಡು ನಿಂತರೆ ಅಂಗಡಿಗಳ ಬೋರ್ಡು ಮಾತ್ರ ಉಳಿದೀತು. ಈ ಪೇಟೆ ಬೆಳೆಸುವುದೆಂದರೆ ಮೊದಲು ಅವರ ಕೆರೆ, ಗೋಮಾಳ, ಕಾಲುದಾರಿಗಳನ್ನು ಉಳಿಸುವುದು.

ಒಂದು ಮಾತನ್ನು ನಗದೆ ಹೇಳಬೇಕು. 2025ರ ಜನವರಿ 22ರ ಬೆಳಗಿನ ಜಾವ, ಸವಣೂರಿನಿಂದ ಕುಮಟಾ ಸಂತೆಗೆ ಹೊರಟ ತರಕಾರಿ ಲಾರಿ ನಮ್ಮ ತಾಲ್ಲೂಕಿನ ಗುಳ್ಳಾಪುರದ ಬಳಿ ಇದೇ ಹೆದ್ದಾರಿಯಿಂದ ಕಣಿವೆಗೆ ಉರುಳಿತು. ಸರಕಿನ ಮೇಲೆಯೇ ಕೂತಿದ್ದ ವ್ಯಾಪಾರಿಗಳಲ್ಲಿ ಹತ್ತು ಜನ ಸತ್ತರು. ಸಂತೆಯನ್ನು ನಂಬಿದ ಬಡವನಿಗೆ ಸರಕಿನ ಜೊತೆ ಸರಕಾಗಿ ಹೋಗದೆ ಗತಿಯಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಅವರಿಗೆ ಬೇಕಿದ್ದದ್ದು ಹೊತ್ತಿಗೆ ಸರಿಯಾದ, ಮೂಟೆ ಹತ್ತಿಸಿಕೊಳ್ಳುವ ಒಂದು ಬಸ್ಸು.

ಆದ್ದರಿಂದ ರೈಲುರಾಯರೇ, ತಾವು ಬಂದರೆ ಬನ್ನಿ, ಬಾರದಿದ್ದರೆ ಬಿಡಿ. ತಮ್ಮ ಹೆಸರಿನಲ್ಲಿ ಕೈಕಟ್ಟಿ ಕೂರುವುದನ್ನು ಮಾತ್ರ ನಾವು ಬಿಡಬೇಕಾಗಿದೆ.

ಇಂತಿ,
ತಮ್ಮ ಹಾದಿ ಕಾದು ಸಾಕಾದ
ಕಿರವತ್ತಿಯ ಒಬ್ಬ ನಿವಾಸಿ

ತಾ.ಕ.: ಇದು ರೈಲಿಗಲ್ಲ, ಊರವರಿಗೆ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕೆಂದು ಕಾನೂನಿದೆ. ಮುಂದಿನ ಸಭೆಗೆ ಬನ್ನಿ. ಗಟಾರ, ಸಂತೆಯ ಮಾಡು, ರಸ್ತೆ ದಾಟುವ ಜಾಗ, ಈ ಮೂರನ್ನು ನಡಾವಳಿಯಲ್ಲಿ ಬರೆಸೋಣ. ಇದಕ್ಕೆ ಒಂದು ಮರವನ್ನೂ ಕಡಿಯಬೇಕಾಗಿಲ್ಲ.