ಫಾರ್ಮ್ಯಾಟ್ ಭಾವ

ಮದುವೆಯ ಮಾತುಕತೆಯಲ್ಲಿ ವರನ ಗೋತ್ರ, ನಕ್ಷತ್ರ, ಸಂಬಳ, ಸೈಟು ಎಲ್ಲವನ್ನೂ ವಿಚಾರಿಸುತ್ತಾರೆ. ಕಂಪ್ಯೂಟರ್ ಬಿಚ್ಚುವ ಅಭ್ಯಾಸವೇನಾದರೂ ಉಂಟೇ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಹಾಗಾಗಿ ಪ್ರತಿ ಮನೆತನಕ್ಕೂ ಒಬ್ಬ ಫಾರ್ಮ್ಯಾಟ್ ಭಾವ ದಕ್ಕಿಯೇ ದಕ್ಕುತ್ತಾನೆ. ಕೆಲವರ ಮನೆಯಲ್ಲಿ ಅವನು ಚಿಕ್ಕಪ್ಪನ ರೂಪದಲ್ಲಿರುತ್ತಾನೆ, ಕೆಲವೆಡೆ ಮಹಡಿ ಮೇಲಿನ ಬಾಡಿಗೆದಾರ, ಆಫೀಸುಗಳಲ್ಲಿ ಅಕೌಂಟ್ಸ್ ಸೆಕ್ಷನ್ನಿನ ಹಿರಿಯ ಗುಮಾಸ್ತ. ನಮ್ಮ ಪಾಲಿಗೆ ಬಂದವರು ಅಕ್ಕನ ಗಂಡ. ಅವರಿರುವುದು ವಿಮಾ ಕಚೇರಿಯ ಕೆಲಸದಲ್ಲಿ. ಆದರೆ ಹೊಸಬರು ಯಾರಾದರೂ "ಏನು ಮಾಡ್ಕೊಂಡಿದೀರಿ?" ಎಂದರೆ "ಹಾರ್ಡ್‌ವೇರ್ ಕಡೆ ಸ್ವಲ್ಪ ಆಸಕ್ತಿ" ಎಂದು ಶುರುಮಾಡುತ್ತಾರೆ. ವಿಮೆಯ ಪ್ರಸ್ತಾಪ ಬರುವ ಹೊತ್ತಿಗೆ ಕೇಳಿದವರು ಎದ್ದು ಹೋಗಿರುತ್ತಾರೆ.

ಭಾವನಿಗಿಂತ ಮುಂಚೆ ಅವರ ಚೀಲದ ಸದ್ದು ಮನೆಯೊಳಗೆ ಬರುತ್ತದೆ. ಯಾವುದೋ ಸಮ್ಮೇಳನದಲ್ಲಿ ಪುಕ್ಕಟೆ ಸಿಕ್ಕ ಲ್ಯಾಪ್‌ಟಾಪ್ ಚೀಲ ಅದು. ಲ್ಯಾಪ್‌ಟಾಪ್ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಅದರಲ್ಲಿದೆ. ತುದಿಗೆ ಅಯಸ್ಕಾಂತವಿರುವ ಸ್ಕ್ರೂಡ್ರೈವರುಗಳು, ನೋಸ್ ಪ್ಲೈಯರ್, ಟೆಸ್ಟರ್, ಮಲ್ಟಿಮೀಟರ್, ಕ್ರಿಂಪಿಂಗ್ ಟೂಲ್, ಮಗಳ ಡ್ರಾಯಿಂಗ್ ಡಬ್ಬಿಯಿಂದ ಎತ್ತಿದ ಬ್ರಷ್ಷು, ಅಕ್ಕ ಇನ್ನೂ ಹುಡುಕುತ್ತಿರುವ ಹುಬ್ಬಿನ ಚಿಮುಟ. ಸಿ.ಡಿ.ಗಳ ಒಂದು ಕಟ್ಟಿದೆ. ಅದರಲ್ಲಿ 2012ರ ಹೈರೆನ್ಸ್ ಬೂಟ್ ಸಿ.ಡಿ. 15.2 ಪೂಜ್ಯ ಸ್ಥಾನದಲ್ಲಿದೆ. ಈಗಿನ ಯಂತ್ರಗಳಲ್ಲಿ ಸಿ.ಡಿ. ಹಾಕಲು ಜಾಗವೇ ಇರುವುದಿಲ್ಲವಲ್ಲ ಎಂದರೆ, ಚೀಲದ ಇನ್ನೊಂದು ಜಿಪ್ಪು ಎಳೆದು ಯು.ಎಸ್.ಬಿ. ಡ್ರೈವನ್ನೂ ಹೊರತೆಗೆಯುತ್ತಾರೆ. ಪಕ್ಕದ ಅರೆಯಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲಿನ ಬಾಟಲಿ. ಅದರ ಚೀಟಿಯನ್ನು ಕನ್ನಡಕ ಹಾಕಿಕೊಂಡು ಓದಿದ ನಮ್ಮ ದೊಡ್ಡಮ್ಮ ಒಮ್ಮೆ ಅಕ್ಕನನ್ನು ಅಡುಗೆಮನೆಗೆ ಕರೆದು, "ಎಲ್ಲ ಸರಿಯಾಗಿದೆ ತಾನೇ?" ಎಂದು ವಿಚಾರಿಸಿದ್ದುಂಟು.

ಲೋಕದಲ್ಲಿ ಕಾಯಿಲೆ ಮೊದಲು, ಸಲಕರಣೆ ಆಮೇಲೆ. ಭಾವನಲ್ಲಿ ಇದು ತಿರುಗುಮುರುಗು. ಎಸ್.ಪಿ. ರೋಡಿನ ಸಂದಿಯೊಂದರಲ್ಲಿ ಚೌಕಾಸಿ ಮಾಡಿ ಅವರು ಹೊಸ ಸಲಕರಣೆ ತಂದ ವಾರ, ನೆಂಟರ ಮನೆಯ ಯಂತ್ರಗಳಿಗೆಲ್ಲ ಆ ಸಲಕರಣೆಯನ್ನೇ ಬೇಡುವ ಕಾಯಿಲೆ ಅಂಟಿಕೊಳ್ಳುತ್ತದೆ. ಬ್ಲೋವರ್ ಬಂದಾಗ ಎಲ್ಲರ ಮನೆಯಲ್ಲೂ ಧೂಳಿನ ತೊಂದರೆ. ಊದುವಾಗ ಒಳಗಿನ ಫ್ಯಾನಿನ ರೆಕ್ಕೆಯನ್ನು ಬೆರಳಿಂದ ಹಿಡಿದಿರಬೇಕು, ಇಲ್ಲವಾದರೆ ಅದು ಹುಚ್ಚುವೇಗದಲ್ಲಿ ತಿರುಗಿ ಬೇರಿಂಗು ಹಾಳಾಗುತ್ತದೆ. ಭಾವನಿಗೆ ಇದು ಗೊತ್ತು. ಆದರೆ ಅದು ತಿರುಗುವುದನ್ನು ನೋಡುವ ಸಂತೋಷ ದೊಡ್ಡದು. ಥರ್ಮಲ್ ಪೇಸ್ಟಿನ ಸಿರಿಂಜು ಬಂದ ತಿಂಗಳು ಎಲ್ಲರ ಪ್ರಾಸೆಸರೂ "ಹೀಟ್ ಆಗ್ತಿದೆ". ಪ್ರಾಸೆಸರಿಗೂ ಅದರ ಮೇಲೆ ಕೂರುವ ಹೀಟ್‌ಸಿಂಕಿಗೂ ನಡುವೆ ಕಣ್ಣಿಗೆ ಕಾಣದ ಸಂದುಗಳಿರುತ್ತವೆ, ಅಲ್ಲಿ ನಿಂತ ಗಾಳಿಯನ್ನು ಹೊರದೂಡಿ ಶಾಖವನ್ನು ದಾಟಿಸುವುದಷ್ಟೇ ಆ ಪೇಸ್ಟಿನ ಕೆಲಸ. ಬಟಾಣಿ ಕಾಳಿನಷ್ಟಿದ್ದರೆ ಸಾಕು. ಭಾವ ಅದನ್ನು ದಾವಣಗೆರೆಯವರು ದೋಸೆಗೆ ಬೆಣ್ಣೆ ಸುರಿದಂತೆ ಸುರಿಯುತ್ತಾರೆ. ಅಂಚಿನಿಂದ ಇಳಿದದ್ದನ್ನು ಒರೆಸಲು ಆಲ್ಕೋಹಾಲ್ ಬೇಕು, ಹತ್ತಿ ಬೇಕು. ಹತ್ತಿಗಾಗಿ ದೊಡ್ಡಮ್ಮನ ಹೂಬತ್ತಿಯ ಡಬ್ಬಿಗೆ ಕೈಹೋಗುತ್ತದೆ.

ರೋಗಪರೀಕ್ಷೆಗೂ ಒಂದು ಕ್ರಮವಿದೆ. ಮೊದಲು ಯಂತ್ರವನ್ನಲ್ಲ, ಮನೆಯವರನ್ನು ಪರೀಕ್ಷಿಸುತ್ತಾರೆ.

"ಏನ್ ಮಾಡಿದ್ರಿ ಇದಕ್ಕೆ?"

"ನಾನೇನೂ ಮಾಡ್ಲಿಲ್ಲಪ್ಪ, ಅದಾಗದೇ ಹಿಂಗಾಯ್ತು" ಎನ್ನುತ್ತಾರೆ ದೊಡ್ಡಪ್ಪ, ಮೂವತ್ತು ವರ್ಷ ಹೈಸ್ಕೂಲು ಹುಡುಗರಿಂದ ಕೇಳಿಸಿಕೊಂಡ ಅದೇ ದನಿಯಲ್ಲಿ.

"ಎಲ್ರೂ ಹಂಗೇ ಅಂತಾರೆ ಮಾವ."

ಆಮೇಲೆ ಕ್ಯಾಬಿನೆಟ್ಟಿನ ಮಗ್ಗುಲ ತಗಡು ಕಳಚುತ್ತದೆ. ಏನೇ ದೂರಿರಲಿ, ಪ್ರಿಂಟರ್ ಕೆಲಸ ಮಾಡುತ್ತಿಲ್ಲವೆಂದೇ ಇರಲಿ, ಮೊದಲು ರ‍್ಯಾಮ್ ಕಿತ್ತು ರಬ್ಬರಿನಿಂದ ಉಜ್ಜುವುದು ಭಾವನ ಗಣಪತಿ ಪೂಜೆ. ಶಾಲೆಯ ಮಕ್ಕಳು ಪೆನ್ಸಿಲ್ ಗುರುತು ಅಳಿಸುವ ಅದೇ ಬಿಳಿ ರಬ್ಬರು. ಇದನ್ನು ಅಂಧಶ್ರದ್ಧೆ ಎನ್ನುವಂತಿಲ್ಲ. ರ‍್ಯಾಮಿನ ಅಂಚಿನ ಹಳದಿ ಪಟ್ಟಿಗಳ ಮೇಲೆ ಜಿಡ್ಡು ಕಟ್ಟಿದರೆ ಸಂಪರ್ಕ ತಪ್ಪುತ್ತದೆ, ಯಂತ್ರ ಪರದೆ ತೋರಿಸದೆ ಉದ್ದುದ್ದ ಬೀಪ್ ಹೊಡೆಯುತ್ತದೆ, ಉಜ್ಜಿ ಕೂರಿಸಿದರೆ ಎಷ್ಟೋ ಸಲ ಎದ್ದು ಕೂರುತ್ತದೆ. ಆದರೆ ಆ ಹಳದಿ ನಿಜವಾದ ಚಿನ್ನ. ಒಂದು ಮೈಕ್ರಾನಿಗಿಂತ ತೆಳುವಾದ ಲೇಪ. ಪ್ರತಿ ಹಬ್ಬಕ್ಕೂ ಉಜ್ಜಿದರೆ ಜಿಡ್ಡಿನ ಜೊತೆ ಅದೂ ಹೋಗುತ್ತದೆ. ಚೀಲದಲ್ಲೇ ಇರುವ ಆಲ್ಕೋಹಾಲಿನಿಂದ ಒರೆಸಿದರೆ ಸಾಕಿತ್ತು. ಒರೆಸುವುದರಲ್ಲಿ ಉಜ್ಜಿದ ತೃಪ್ತಿ ಎಲ್ಲಿ? ಮನೆಯಲ್ಲಿ ಒಂದು ಗ್ರಾಂ ಚಿನ್ನಕ್ಕೂ ಲೆಕ್ಕವಿಡುವ ಅಕ್ಕನಿಗೆ ಈ ಸಂಗತಿಯನ್ನು ಯಾರೂ ಇನ್ನೂ ಹೇಳಿಲ್ಲ.

ಅತಿ ಗಂಭೀರವಾದ ರಿಪೇರಿಯಿದ್ದಾಗ ಭಾವ ಮಣಿಕಟ್ಟಿಗೆ ನೀಲಿ ಪಟ್ಟಿಯೊಂದನ್ನು ಬಿಗಿದುಕೊಳ್ಳುತ್ತಾರೆ. ಅಕ್ಷರಶಃ ಕಂಕಣಬದ್ಧರು. ಮೈಯಲ್ಲಿ ಸೇರಿಕೊಂಡ ಸ್ಥಿರವಿದ್ಯುತ್ತು ಚಿಪ್ಪುಗಳನ್ನು ಸುಡದಿರಲೆಂದು ಇರುವ ಪಟ್ಟಿ ಅದು. ಸುಮಾರು 3000 ವೋಲ್ಟಿನ ಒಳಗಿನ ಕಿಡಿ ನಮ್ಮ ಚರ್ಮಕ್ಕೆ ತಿಳಿಯುವುದೇ ಇಲ್ಲ, ಚಿಪ್ಪು ಅದಕ್ಕಿಂತ ಬಹಳ ಕಡಿಮೆಯಲ್ಲೇ ಸಾಯಬಹುದು. ಹಾಗಾಗಿ ಪಟ್ಟಿಯ ಇನ್ನೊಂದು ತುದಿಯ ಕ್ಲಿಪ್ಪನ್ನು ಅರ್ತ್ ಇರುವ ಜಾಗಕ್ಕೆ, ಅಥವಾ ಕಡೇಪಕ್ಷ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹಕ್ಕೆ ಸಿಕ್ಕಿಸಬೇಕು. ಭಾವ ಕಿಟಕಿಯ ಕಂಬಿಗೆ ಸಿಕ್ಕಿಸುತ್ತಾರೆ. ಮೂರು ಕೋಟು ಎನಾಮಲ್ ಬಣ್ಣ ಬಳಿದ, ಮರದ ಚೌಕಟ್ಟಿನಲ್ಲಿ ಕೂತ ಕಂಬಿ ಅದು; ಭೂಮಿಗೂ ಅದಕ್ಕೂ ಮಾತುಕತೆಯಿಲ್ಲ. ಆದರೂ ಕಂಬಿಗೆ ಕಟ್ಟಿಹಾಕಿಸಿಕೊಂಡು ಕೂತ ಅಳಿಯನನ್ನು ಕಂಡರೆ ದೊಡ್ಡಮ್ಮನಿಗೆ ಧೈರ್ಯ. "ಪಾಪ, ಅಷ್ಟು ಹೊತ್ತಾದ್ರೂ ಒಂದ್ಕಡೆ ಕೂತಿರ್ತಾರೆ."

ಕೂತಿರುವುದು ಹೆಚ್ಚಾಗಿ ಸ್ಕ್ರೂಗಳಿಗಾಗಿ. ಬಿಚ್ಚಿದ ಸ್ಕ್ರೂಗಳನ್ನು ಅವರು ಕಾಫಿ ಸಾಸರಿನಲ್ಲಿ ಹಾಕುತ್ತಾರೆ. ಕಂಪ್ಯೂಟರಿನೊಳಗೆ ನೋಡಲು ಅವಳಿ, ಗುಣದಲ್ಲಿ ದಾಯಾದಿಗಳಾದ ಎರಡು ಜಾತಿಯ ಸ್ಕ್ರೂಗಳಿರುತ್ತವೆ. ದೊಡ್ಡ ಹಾರ್ಡ್ ಡಿಸ್ಕಿಗೆ 6-32 ಎಂಬ ಒರಟು ಎಳೆಯದು, ಡಿ.ವಿ.ಡಿ. ಡ್ರೈವಿಗೆ ಎಂ3 ಎಂಬ ನಯವಾದದ್ದು. ಎಂ3ರ ತೂತಿಗೆ 6-32 ಅನ್ನು ತಿರುಗಿಸಲು ಹೋದರೆ ಸ್ವಲ್ಪದರಲ್ಲೇ ಕಚ್ಚಿಕೊಳ್ಳುತ್ತದೆ. ಅಲ್ಲಿ ನಿಲ್ಲಿಸುವುದು ಜಾಣತನ, ಬಲ ಹಾಕುವುದು ಭಾವತನ. ತಲೆ ಸವೆದು ಸ್ಕ್ರೂಡ್ರೈವರ್ ಸುಮ್ಮನೆ ಜಾರತೊಡಗಿದಾಗ ನಡುವೆ ರಬ್ಬರ್ ಬ್ಯಾಂಡ್ ಇಟ್ಟು ಒತ್ತಿ ತಿರುಗಿಸುವ ಉಪಾಯವನ್ನೂ ಅವರೇ ಮಾಡುತ್ತಾರೆ. ಇದು ಒಳ್ಳೆಯ ಉಪಾಯ, ಅದನ್ನು ಒಪ್ಪಲೇಬೇಕು. ಎಲ್ಲ ಮುಗಿದು ತಗಡು ಮುಚ್ಚಿದ ಮೇಲೆ ಸಾಸರಿನಲ್ಲಿ ಸ್ಕ್ರೂಗಳು ಮಿಕ್ಕೇ ಮಿಗುತ್ತವೆ. "ಕಂಪನಿಯೋರು ಸುಮ್ನೆ ಜಾಸ್ತಿ ಹಾಕಿರ್ತಾರೆ" ಎಂದು ಅವನ್ನು ಹಳೆಯ ತುಪ್ಪದ ಡಬ್ಬಿಗೆ ಸುರಿಯುತ್ತಾರೆ. ಆ ಡಬ್ಬಿ ಈಗ ಎತ್ತಲು ಭಾರ.

ಇಷ್ಟೆಲ್ಲ ಹೇಳಿದರೂ ಬಾಗಿಲು ಹಾಕಿಕೊಳ್ಳಲಾಗದು, ಏಕೆಂದರೆ ಭಾವ ಎಷ್ಟೋ ಸಲ ಸರಿಮಾಡಿಬಿಡುತ್ತಾರೆ. ದೊಡ್ಡಪ್ಪನ ಕಂಪ್ಯೂಟರಿನಲ್ಲಿ ಪಿಂಚಣಿ ಬರುವ ಬ್ಯಾಂಕಿನ ಪುಟ ತೆರೆಯದೆ "ಸಂಪರ್ಕ ಸುರಕ್ಷಿತವಲ್ಲ" ಎಂದು ಹೆದರಿಸುತ್ತಿತ್ತು. ಭಾವ ರ‍್ಯಾಮ್ ಉಜ್ಜಿದರು, ಧೂಳು ಊದಿದರು. ಪವರ್ ಸಪ್ಲೈ ಮೇಲೆ ಗುಮಾನಿ ಬಂದು, ಅದರ ದಪ್ಪ ಕನೆಕ್ಟರಿನ ಹಸಿರು ತಂತಿಗೂ ಕಪ್ಪು ತಂತಿಗೂ ದೊಡ್ಡಮ್ಮನ ಹೇರ್‌ಪಿನ್ ಬಗ್ಗಿಸಿ ಸೇರಿಸಿ ಅದನ್ನು ಒಂಟಿಯಾಗಿ ಓಡಿಸಿ ನೋಡಿದರು. ಹೌದು, ಹಾಗೆ ಓಡುತ್ತದೆ, ರಿಪೇರಿಯವರೂ ಹಾಗೇ ನೋಡುತ್ತಾರೆ. ಹೇರ್‌ಪಿನ್ ಬಳಸುವುದಿಲ್ಲ ಅಷ್ಟೇ. ಕೊನೆಗೆ ಸಂಜೆಯ ಕಾಫಿ ಕುಡಿಯುತ್ತ ಪರದೆಯ ಮೂಲೆಯ ತಾರೀಖು ನೋಡಿದರೆ ಯಂತ್ರ ಹತ್ತಾರು ವರ್ಷ ಹಿಂದಿತ್ತು. ಕರೆಂಟಿಲ್ಲದಾಗಲೂ ಗಡಿಯಾರ ನಡೆಸುವ ಸಿ.ಆರ್. 2032 ಬ್ಯಾಟರಿ ತೀರಿತ್ತು. ಇಪ್ಪತ್ತು ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, ಮೂರು ವೋಲ್ಟ್, ವಾಚ್ ಅಂಗಡಿಯಲ್ಲೂ ಸಿಗುವ ಬಿಲ್ಲೆ. ಬ್ಯಾಂಕಿನ ಪುಟಕ್ಕೆ ಒಂದು ಪ್ರಮಾಣಪತ್ರವಿರುತ್ತದೆ, ಅದಕ್ಕೆ ಆರಂಭದ ದಿನ ಕೊನೆಯ ದಿನ ಇರುತ್ತವೆ; ಹಳೆಯ ಕಾಲದಲ್ಲಿ ಕೂತ ಯಂತ್ರಕ್ಕೆ ಅದು ಇನ್ನೂ ಹುಟ್ಟದ ಪತ್ರ. ಭಾವ ಬಿಲ್ಲೆ ಬದಲಿಸಿದರು, ಪುಟ ತೆರೆಯಿತು, ದೊಡ್ಡಪ್ಪ ಕೈಮುಗಿದರು. ಮೊದಲೇ ಮೂಲೆ ನೋಡಬಹುದಿತ್ತಲ್ಲ ಎಂದು ಯಾರೂ ಅನ್ನಲಿಲ್ಲ. ಮೂಲೆ ನೋಡುವುದಕ್ಕೆ ಸಲಕರಣೆ ಬೇಡವಲ್ಲ, ಹಾಗಾಗಿ ಅದು ಭಾವನ ಪಟ್ಟಿಯಲ್ಲಿ ಕೊನೆಗೆ ಬರುತ್ತದೆ.

ಇವೆಲ್ಲ ಸೋತಾಗ ಬರುವುದು ಬ್ರಹ್ಮಾಸ್ತ್ರ. "ಮಾವ, ಒಂದ್ಸಲ ಫಾರ್ಮ್ಯಾಟ್ ಮಾಡ್ಬಿಡೋಣ."

ಈ ಮಾತು ಹೊರಡುವಾಗ ಅವರ ಮುಖದಲ್ಲಿ ದುಃಖ ಕಾಣಬೇಕು, ಕಾಣುವುದಿಲ್ಲ. ದೊಡ್ಡಪ್ಪ ನಿವೃತ್ತಿಯಾದ ಮೇಲೆ ಊರ ದೇವಸ್ಥಾನದ ಇತಿಹಾಸ ಬರೆಯುತ್ತಿದ್ದಾರೆ, ಎಲ್ಲ ಹಳೆಯ ನುಡಿ ಫಾಂಟಿನಲ್ಲಿ. ಫೈಲುಗಳನ್ನು ಡೆಸ್ಕ್‌ಟಾಪಿನ ಮೇಲೆ ಹರಡಿಕೊಂಡಿದ್ದರು. ಡೆಸ್ಕ್‌ಟಾಪು ಸಾಮಾನ್ಯವಾಗಿ ಸಿ ಡ್ರೈವಿನೊಳಗೇ ಇರುತ್ತದೆಂದು ಅವರಿಗೆ ತಿಳಿಯದು. ಕಣ್ಣೆದುರಿಗಿರುವುದು ಎಲ್ಲಿಗೆ ಹೋದೀತು ಎಂಬ ನಂಬಿಕೆ. ಭಾವ ಮರೆಯದೆ ಎಲ್ಲವನ್ನೂ ಪೆನ್‌ಡ್ರೈವಿಗೆ ತುಂಬಿಕೊಂಡರು. ಫಾರ್ಮ್ಯಾಟ್ ಆಯಿತು, ವಿಂಡೋಸ್ ಬಂತು, ಫೈಲುಗಳೂ ಮರಳಿ ಬಂದವು. ದೊಡ್ಡಪ್ಪ ಮೊದಲ ಅಧ್ಯಾಯ ತೆರೆದರು. ಕನ್ನಡದ ಒಂದಕ್ಷರವಿಲ್ಲ. ಪರದೆಯ ತುಂಬ ತಲೆಗೆ ಟೋಪಿಯಿಟ್ಟ, ಎರಡೆರಡು ಚುಕ್ಕೆ ಹೊತ್ತ ಯೂರೋಪಿನ ಅಕ್ಷರಗಳು.

"ವೈರಸ್" ಎಂದರು ಭಾವ. ರಾತ್ರಿಯಿಡೀ ಆಂಟಿವೈರಸ್ ಓಡಿತು. ಒಂದೂ ಸಿಗಲಿಲ್ಲ, ಅದರಿಂದ ವೈರಸ್ಸಿನ ಜಾಣತನದ ಬಗ್ಗೆ ಭಾವನ ಗೌರವ ಇನ್ನೂ ಹೆಚ್ಚಿತು. ಬೆಳಿಗ್ಗೆ ಪಕ್ಕದ ರಸ್ತೆಯ ಡಿ.ಟಿ.ಪಿ. ಅಂಗಡಿಯ ಹುಡುಗಿ ಬಂದು, ನಿಂತಲ್ಲೇ ಬಗ್ಗಿ ನೋಡಿ, "ನುಡಿ ಹಾಕಿಲ್ಲ ಸಾರ್" ಎಂದಳು. ಯೂನಿಕೋಡ್ ಬಳಕೆಗೆ ಬರುವ ಮುಂಚಿನ ಕನ್ನಡ ಫಾಂಟುಗಳು ಕನ್ನಡದ ಆಕಾರಗಳನ್ನು ಲ್ಯಾಟಿನ್ ಅಕ್ಷರಗಳ ಮನೆಗಳಲ್ಲಿ ಬಾಡಿಗೆಗೆ ಇರಿಸಿದ್ದವು. ಫಾಂಟು ಹೋದರೆ ಮನೆ ಮಾಲೀಕರು ಹೊರಬಂದು ನಿಲ್ಲುತ್ತಾರೆ. ಹುಡುಗಿ ನುಡಿ ತಂತ್ರಾಂಶ ಹಾಕಿದಳು, ದೇವಸ್ಥಾನ ಎದ್ದು ನಿಂತಿತು. ಅವಳ ಕೈಯಲ್ಲಿ ಒಂದು ಸ್ಕ್ರೂಡ್ರೈವರೂ ಇರಲಿಲ್ಲ. ಭಾವನಿಗೆ ಅದೇ ಅನುಮಾನ: "ಟೆಂಪರವರಿಯಾಗಿ ಮಾಡಿರ್ತಾಳೆ."

ಅವರು ಕೂಲಿ ಕೇಳುವುದಿಲ್ಲ. ಎರಡು ಊಟ, ನಾಲ್ಕು ಕಾಫಿ, ಒಂದು ಬಾಳೆಕಾಯಿ ಬಜ್ಜಿ, ಮನೆಯ ಒಂದು ಭಾನುವಾರ, ಅಷ್ಟೇ. ವಿಷಯ ಬಲ್ಲ ನೆಂಟರು ಅವರನ್ನು ಊಟಕ್ಕೆ ಕರೆಯುವುದು ಆಯುಧಪೂಜೆಯ ದಿನ. ಅವತ್ತು ಚೀಲದ ಸಲಕರಣೆಗಳೆಲ್ಲ ಮಣೆಯ ಮೇಲೆ ಸಾಲಾಗಿ ಮಲಗಿ ಅರಿಶಿನ ಕುಂಕುಮ ಹಚ್ಚಿಸಿಕೊಂಡಿರುತ್ತವೆ, ಮಲ್ಟಿಮೀಟರಿಗೆ ಸೇವಂತಿಗೆ, ಹೈರೆನ್ಸ್ ಸಿ.ಡಿ.ಗೆ ಮಧ್ಯದ ತೂತಿನಲ್ಲಿ ದಾಸವಾಳ. ಪೂಜೆಗಿಟ್ಟ ಆಯುಧವನ್ನು ಅವತ್ತು ಎತ್ತುವಂತಿಲ್ಲ. ಬರಿಗೈಯ ಭಾವ ಎಷ್ಟು ಒಳ್ಳೆಯ ಮಾತುಗಾರರೆಂದು ನಮಗೆ ತಿಳಿಯುವುದು ವರ್ಷಕ್ಕೆ ಆ ಒಂದು ದಿನ.

ಈಚೆಗೆ ದೊಡ್ಡಪ್ಪನ ಮಗ ಅಪ್ಪನಿಗೆ ತೆಳ್ಳನೆಯ ಹೊಸ ಲ್ಯಾಪ್‌ಟಾಪ್ ಕೊಡಿಸಿದ. ಹಳೆಯದಕ್ಕೆ ವಿಂಡೋಸ್ 11 ಹತ್ತುತ್ತಿರಲಿಲ್ಲ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಕಂಪನಿ ಬೆಂಬಲ ನಿಲ್ಲಿಸಿತ್ತು. ಸುದ್ದಿ ತಿಳಿದ ಭಾನುವಾರವೇ ಭಾವ ಹಾಜರು.

"ಏನ್ ತೊಂದ್ರೆ ಮಾವ?"

"ತೊಂದ್ರೆ ಏನೂ ಇಲ್ವಲ್ಲಪ್ಪ."

"ಒಂದ್ಸಲ ಸರ್ವಿಸ್ ಮಾಡಿಟ್ರೆ ಒಳ್ಳೇದು."

ತಿರುಗಿಸಿದರೆ ನಾಲ್ಕೇ ಸ್ಕ್ರೂ. ಉಳಿದವು ರಬ್ಬರ್ ಕಾಲುಗಳ ಅಡಿಯಲ್ಲಿ ಅಡಗಿವೆಯೆಂದು ಭಾವ ಬೆರಳಿಂದಲೇ ಕಂಡುಹಿಡಿದರು. ಆ ಒಂದು ಕ್ಷಣ ನನಗೂ ಅವರ ಮೇಲೆ ಮೆಚ್ಚುಗೆಯಾಯಿತು. ಗಿಟಾರ್ ಮೀಟುವ ಪ್ಲಾಸ್ಟಿಕ್ ಚೂರು ತೂರಿಸಿ ಅಂಚಿನ ಕೊಂಡಿಗಳನ್ನು ಒಂದೊಂದಾಗಿ ಟಕ್ ಟಕ್ ಎಂದು ಬಿಡಿಸಿ ತಳವನ್ನು ಎತ್ತಿದರು. ರಬ್ಬರ್ ತುಂಡು ಬಲಗೈಯಲ್ಲಿ ಸಿದ್ಧವಿತ್ತು. ಒಳಗೆ ಕೀಳುವ ರ‍್ಯಾಮೇ ಇಲ್ಲ. ಎಲ್ಲ ಬೋರ್ಡಿಗೇ ಬೆಸುಗೆ ಹಾಕಿ ಕೂರಿಸಿದ್ದರು. ಊದೋಣವೆಂದರೆ ಧೂಳಿಲ್ಲ, ಹೊಸತು. ಭಾವ ರಬ್ಬರನ್ನು ಹಿಡಿದುಕೊಂಡೇ ಮೂರು ನಿಮಿಷ ಬೋರ್ಡನ್ನು ನೋಡಿದರು, ಮುಚ್ಚಿದರು. ಸಾಸರಿನಲ್ಲಿ ಒಂದು ಸ್ಕ್ರೂ ಕೂಡ ಉಳಿಯಲಿಲ್ಲ.

ದೊಡ್ಡಮ್ಮ ಅಡುಗೆಮನೆಯಲ್ಲಿ ಚಟ್ನಿಗೆ ಕಾಯಿ ರುಬ್ಬುತ್ತಿದ್ದರು. ಭಾವ ತಲೆಯೆತ್ತಿ ಕಿವಿ ಕೊಟ್ಟರು.

"ಅತ್ತೆ, ಈ ಮಿಕ್ಸಿ ಸದ್ದು ಯಾವಾಗ್ಲೂ ಹಿಂಗೇನಾ?"

"ಚೆನ್ನಾಗೇ ಇದೆ ಅಳಿಯಂದ್ರೇ, ಹೋದ ದೀಪಾವಳೀಲಿ ತಗೊಂಡಿದ್ದು" ಎಂದು ದೊಡ್ಡಮ್ಮ ಹೇಳಿ ಮುಗಿಸುವಷ್ಟರಲ್ಲಿ ಪ್ಲಗ್ ಕಿತ್ತಾಗಿತ್ತು. ಅರ್ಧ ರುಬ್ಬಿದ ಚಟ್ನಿಯ ಜಾರನ್ನು ಅವರು ಎದೆಗವಚಿಕೊಂಡು ನಿಂತರು. ಭಾವ ಮಿಕ್ಸಿಯನ್ನು ತಲೆಕೆಳಗು ಮಾಡಿ, ತಳದ ಸ್ಕ್ರೂಗಳನ್ನು ಎಣಿಸುತ್ತ, ನನ್ನ ಕಡೆ ತಿರುಗದೆಯೇ ಕೈಚಾಚಿದರು.

"ಆ ಸಾಸರ್ ಇಲ್ಲಿ ಕೊಡೋ."