ಚರಂಡಿಯ ವಾಯಿದೆ

ಅಧ್ಯಕ್ಷೆ: ಏನ್ರೀ ಪಿಡಿಒ, ಚರಂಡಿ ಮೇಲಿನ ಅಂಗಡಿ ತೆರವಾಯ್ತಾ? 1993ರ ಪಂಚಾಯತ್ ರಾಜ್ ಕಾಯ್ದೆ ನಮಗೇ ಅಧಿಕಾರ ಕೊಟ್ಟಿದೆಯಂತಲ್ಲ!

ಪಿಡಿಒ: ಕೊಟ್ಟಿದೆ ಮೇಡಂ. ಆದ್ರೆ ಅಂಗಡಿಯವನು ಕೋರ್ಟಿಂದ ತಡೆಯಾಜ್ಞೆ ತಂದಿದ್ದಾನೆ.

ಅಧ್ಯಕ್ಷೆ: ನಮ್ಮ ವಕೀಲರು?

ಪಿಡಿಒ: ತಕರಾರು ಹಾಕಿಲ್ಲ. ಹಳೇ ಫೀಸು ಬಾಕಿ.

ಅಧ್ಯಕ್ಷೆ: ಕೊಡ್ರೀ!

ಪಿಡಿಒ: ಠರಾವು ಬೇಕು. ಕೋರಂ ಆಗ್ತಿಲ್ಲ. ಅಂಗಡಿಯವನು ಮೂವರು ಸದಸ್ಯರಿಗೆ ಭಾವಮೈದ.

(ಒಬ್ಬನೇ ಮೂವರಿಗೆ ಹೇಗೆ ಎಂದು ಕೇಳಬೇಡಿ; ಊರು ಚಿಕ್ಕದು.)

ಅಧ್ಯಕ್ಷೆ: ಅವನ ವಕೀಲರು ಯಾರು?

ಪಿಡಿಒ: ನಮ್ಮ ವಕೀಲರ ಜೂನಿಯರ್ರು. ಇಬ್ಬರೂ ಒಂದೇ ಬೈಕಲ್ಲಿ ಕೋರ್ಟಿಗೆ ಬರ್ತಾರೆ. ಪೆಟ್ರೋಲ್ ಖರ್ಚು ಮಾತ್ರ ನಮ್ಮ ಬಿಲ್ಲಿಗೆ.

ಅಧ್ಯಕ್ಷೆ: ಮುಂದಿನ ವಾಯಿದೆ?

ಪಿಡಿಒ: ಆಷಾಢ ಕಳೆದ ಮೇಲೆ.

ಮುಂಗಾರು ವಾಯಿದೆ ಕೇಳಲಿಲ್ಲ. ಚರಂಡಿ ನೀರು ಈಗ ಪಂಚಾಯ್ತಿ ಕಚೇರಿಯೊಳಗೆ, ಕೇಸಿನ ಫೈಲು ಇಟ್ಟ ಕಪಾಟಿನ ಕೆಳಗಿನ ಅರೆಯವರೆಗೆ ಬಂದಿದೆ.